ಒಂದು ಡಾಲರ್ ಕಾಂಟ್ರಾಕ್ಟ್: ಬಿಲ್ಲಿ ಜೀನ್ ಕಿಂಗ್ ಬಗ್ಗೆ ಎಂಟು ಪೋಸ್ಟ್

1/8

ಹೋದ ವಾರ ಸ್ಟೋರಿಯಲ್ಲಿ ಒಂದೇ ಒಂದು ಸಾಲು ಹಾಕಿದ್ದೆ: ಗ್ರ್ಯಾಂಡ್ ಸ್ಲಾಮ್ ಟೆನಿಸ್‌ನಲ್ಲಿ ಹೆಣ್ಮಕ್ಕಳಿಗೂ ಗಂಡ್ಮಕ್ಕಳಿಗೂ ಸಮಾನ ಬಹುಮಾನದ ಹಣ ಇದೆ, ಅದು ಸರಿಯಾಗೇ ಇದೆ ಅಂತ. ಅಷ್ಟಕ್ಕೇ ಇನ್‌ಬಾಕ್ಸ್ ತುಂಬಿಹೋಯ್ತು. ಅರ್ಧಕ್ಕರ್ಧ ನಮ್ಮ ಕ್ಲಾಸಿನವರೇ. ಬಂದ ರಿಪ್ಲೈಗಳನ್ನೆಲ್ಲ ಜರಡಿ ಹಿಡಿದರೆ ಮೂರೇ ವಾದ ಉಳಿಯುತ್ತೆ.

ಒಂದು: "ಅವರು ಆಡೋದು ಮೂರು ಸೆಟ್, ಇವರು ಆಡೋದು ಐದು ಸೆಟ್. ಸಮಾನ ದುಡ್ಡು ಹೆಂಗೆ?"

ಎರಡು: "ಮಾರ್ಕೆಟ್ ಡಿಸೈಡ್ ಮಾಡುತ್ತೆ ಗುರು. ಬಿಕಾಂ ಓದ್ತೀಯಾ, ಇಷ್ಟೂ ಗೊತ್ತಿಲ್ವಾ?"

ಮೂರು: "ಆ ಬಿಲ್ಲಿ ಜೀನ್ ಕಿಂಗ್ ಸೋಲಿಸಿದ್ದು ಒಬ್ಬ ಮುದುಕನ್ನ. ಅದಕ್ಕೇ ಇಷ್ಟು ಹೈಪು."

ಒಬ್ಬೊಬ್ಬರಿಗೂ ರಿಪ್ಲೈ ಮಾಡ್ತಾ ಕೂತರೆ ಇಂಟರ್ನಲ್ಸ್ ಮುಗಿದುಹೋಗುತ್ತೆ. ಅದಕ್ಕೆ ಇಲ್ಲೇ ಉತ್ತರ ಕೊಡ್ತೀನಿ, ಅದೂ ಒಬ್ಬರದೇ ಬದುಕನ್ನ ಇಟ್ಕೊಂಡು. ಬಿಲ್ಲಿ ಜೀನ್ ಕಿಂಗ್ ಬಗ್ಗೆ ಬರೋ ರೀಲ್ಸ್ ಎಲ್ಲಾ "ಸ್ಫೂರ್ತಿ", "ಛಲ", "ಕನಸು" ಅಂತ ಮ್ಯೂಸಿಕ್ ಹಾಕಿ ಮುಗಿಸ್ತಾವೆ. ನಾನು ಅವರ ಲೆಕ್ಕದ ಪುಸ್ತಕ ತೆಗೀತೀನಿ. ಕಾಮರ್ಸ್ ಓದೋರು ಓದಬೇಕಾದ ಕಥೆ ಅದು.

ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ. ಬೈಯೋದಿದ್ರೆ ಎಂಟೂ ಓದಿದ ಮೇಲೆ ಬೈರಿ.

2/8

ಮೊದಲು ಹಿನ್ನೆಲೆ, ಬೇಗ ಮುಗಿಸ್ತೀನಿ.

1943ರ ನವೆಂಬರ್ 22. ಅಮೆರಿಕದ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್. ಅಪ್ಪ ಅಗ್ನಿಶಾಮಕ ದಳದಲ್ಲಿ ಕೆಲಸ, ಅಮ್ಮ ಗೃಹಿಣಿ. ತಮ್ಮ ರ‍್ಯಾಂಡಿ ಮುಂದೆ ದೊಡ್ಡ ಬೇಸ್‌ಬಾಲ್ ಆಟಗಾರ ಆದ. ಅಕ್ಕನಿಗೆ 11 ವರ್ಷಕ್ಕೆ ಟೆನಿಸ್ ಹುಚ್ಚು ಹತ್ತಿತು. ರ‍್ಯಾಕೆಟ್‌ಗೆ ತಾನೇ ದುಡ್ಡು ಕೂಡಿಟ್ಟಳು. ಕ್ಲಬ್ ಮೆಂಬರ್‌ಶಿಪ್ ಕಟ್ಟೋ ಮನೆಯಲ್ಲ, ಹಾಗಾಗಿ ಕಲಿತಿದ್ದು ಊರಿನ ಸಾರ್ವಜನಿಕ ಪಾರ್ಕ್‌ನ ಪುಕ್ಕಟೆ ಕೋರ್ಟಿನಲ್ಲಿ.

ಅದೇ ವಯಸ್ಸಲ್ಲಿ ಲಾಸ್ ಏಂಜಲೀಸ್‌ನ ಒಂದು ಜೂನಿಯರ್ ಟೂರ್ನಿಗೆ ಹೋದಾಗ ಗ್ರೂಪ್ ಫೋಟೋ ತೆಗೀತಿದ್ರು. ಈ ಹುಡುಗಿಯನ್ನ ಮಾತ್ರ ಪಕ್ಕಕ್ಕೆ ನಿಲ್ಲಿಸಿದ್ರು. ಕಾರಣ, ಹಾಕಿದ್ದು ಟೆನಿಸ್ ಸ್ಕರ್ಟ್ ಅಲ್ಲ, ಬಿಳಿ ಚಡ್ಡಿ. ಆಟ ಹೇಗಿದೆ ಅಂತ ಯಾರೂ ಕೇಳಲಿಲ್ಲ.

17ನೇ ವಯಸ್ಸಿಗೆ, 1961ರಲ್ಲಿ, ಕ್ಯಾರೆನ್ ಹ್ಯಾಂಟ್ಜ್ ಜೊತೆ ವಿಂಬಲ್ಡನ್ ಡಬಲ್ಸ್ ಗೆದ್ದರು. ಈಗ ಗಮನ ಕೊಡಿ. ವಿಂಬಲ್ಡನ್ ಗೆದ್ದು ಬಂದ ಹುಡುಗಿ ಲಾಸ್ ಏಂಜಲೀಸ್‌ನಲ್ಲಿ ಕಾಲೇಜು ಸೇರಿದಾಗ ಸಿಕ್ಕಿದ ಸ್ಪೋರ್ಟ್ಸ್ ಸ್ಕಾಲರ್‌ಶಿಪ್ ಎಷ್ಟು? ಸೊನ್ನೆ. ಅದೇ ಊರಿನ ಬೇರೆ ಎರಡು ಯೂನಿವರ್ಸಿಟಿಗಳಲ್ಲಿ ಆರ್ಥರ್ ಆ್ಯಶ್, ಸ್ಟ್ಯಾನ್ ಸ್ಮಿತ್ ಇಬ್ಬರಿಗೂ ಟೆನಿಸ್‌ಗಾಗಿಯೇ ಪೂರ್ತಿ ಸ್ಕಾಲರ್‌ಶಿಪ್ ಇತ್ತು. ಇವರು ಎರಡೆರಡು ಕೆಲಸ ಮಾಡ್ಕೊಂಡು ಓದಿದ್ರು. 1964ರಲ್ಲಿ ಡಿಗ್ರಿ ಮುಗಿಸದೇ ಕಾಲೇಜು ಬಿಟ್ಟರು.

"ಪ್ರತಿಭೆ ಇದ್ರೆ ದುಡ್ಡು ತಾನಾಗೇ ಬರುತ್ತೆ" ಅಂತ ಹೇಳೋರು ಈ ಪ್ಯಾರಾ ಇನ್ನೊಂದು ಸಲ ಓದಿ.

3/8

ಈಗ ಅಸಲಿ ಲೆಕ್ಕ.

1968ರವರೆಗೆ ದೊಡ್ಡ ಟೂರ್ನಿಗಳು ಅಮೆಚೂರ್‌ಗಳಿಗೆ ಮಾತ್ರ. ಬಹುಮಾನದ ಹಣ ಅನ್ನೋದೇ ಅಧಿಕೃತವಾಗಿ ಇರಲಿಲ್ಲ, ಟೇಬಲ್ ಕೆಳಗೆ ಕೈ ಬದಲಾಗ್ತಿತ್ತು. 1968ರಲ್ಲಿ ಓಪನ್ ಯುಗ ಶುರುವಾಯ್ತು, ದುಡ್ಡು ಬಹಿರಂಗವಾಯ್ತು. ಬಹಿರಂಗ ಆದ ಕೂಡಲೇ ತಾರತಮ್ಯವೂ ಬಹಿರಂಗ.

1968 ವಿಂಬಲ್ಡನ್: ಗಂಡಸರ ಚಾಂಪಿಯನ್ ರಾಡ್ ಲೇವರ್‌ಗೆ 2,000 ಪೌಂಡ್. ಹೆಂಗಸರ ಚಾಂಪಿಯನ್ ಬಿಲ್ಲಿ ಜೀನ್‌ಗೆ 750.

1970 ಇಟಾಲಿಯನ್ ಓಪನ್: ಇಲಿ ನಸ್ತಾಸೆಗೆ 3,500 ಡಾಲರ್. ಬಿಲ್ಲಿ ಜೀನ್‌ಗೆ 600.

1970ರ ಸೆಪ್ಟೆಂಬರ್, ಲಾಸ್ ಏಂಜಲೀಸ್‌ನ ಪೆಸಿಫಿಕ್ ಸೌತ್‌ವೆಸ್ಟ್ ಟೂರ್ನಿ: ಗಂಡಸರಲ್ಲಿ ಗೆದ್ದವರಿಗೆ 12,500 ಡಾಲರ್, ಹೆಂಗಸರಲ್ಲಿ ಗೆದ್ದವರಿಗೆ 1,500. ಕ್ವಾರ್ಟರ್ ಫೈನಲ್‌ಗೂ ಬರದ ಹೆಣ್ಮಕ್ಕಳಿಗೆ ಒಂದು ಪೈಸೆಯೂ ಇಲ್ಲ.

ಕ್ಯಾಲ್ಕ್ಯುಲೇಟರ್ ತೆಗೀರಿ. 12,500ನ್ನ 1,500ರಿಂದ ಭಾಗಿಸಿ. ಎಂಟು ಪಟ್ಟಿಗಿಂತ ಜಾಸ್ತಿ. ಟೂರ್ನಿಯ ಮುಖ್ಯಸ್ಥ ಜಾಕ್ ಕ್ರೇಮರ್ ಹತ್ರ ಹೋಗಿ ಕೇಳಿದ್ರು, ಆತ ಜಗ್ಗಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ರೆ ಇದು ಅನ್ಯಾಯದ ಕಥೆ ಅಷ್ಟೇ. ಮುಂದೆ ಅವರು ಮಾಡಿದ್ದು ಬಿಸಿನೆಸ್.

"ವರ್ಲ್ಡ್ ಟೆನಿಸ್" ಪತ್ರಿಕೆಯ ಗ್ಲ್ಯಾಡಿಸ್ ಹೆಲ್ಡ್‌ಮನ್ ಅದೇ ತಿಂಗಳು ಹ್ಯೂಸ್ಟನ್‌ನಲ್ಲಿ ಹೆಣ್ಮಕ್ಕಳಿಗಾಗಿಯೇ ಪ್ರತ್ಯೇಕ ಟೂರ್ನಿ ಇಟ್ಟರು. ಅಮೆರಿಕದ ಟೆನಿಸ್ ಸಂಸ್ಥೆ ಬೆದರಿಕೆ ಹಾಕಿತು: ಅಲ್ಲಿ ಆಡಿದ್ರೆ ಸಸ್ಪೆಂಡ್. ಆದರೂ ಒಂಬತ್ತು ಜನ ಸಹಿ ಹಾಕಿದ್ರು. ಬಿಲ್ಲಿ ಜೀನ್, ರೋಸಿ ಕಸಾಲ್ಸ್, ನ್ಯಾನ್ಸಿ ರಿಚಿ, ಜೂಡಿ ಡಾಲ್ಟನ್, ಕೆರಿ ಮೆಲ್ವಿಲ್, ಪೀಚಸ್ ಬಾರ್ಟ್ಕೊವಿಚ್, ಕ್ರಿಸ್ಟಿ ಪಿಜನ್, ವ್ಯಾಲರಿ ಝೀಗನ್‌ಫಸ್, ಜೂಲಿ ಹೆಲ್ಡ್‌ಮನ್. ಒಬ್ಬೊಬ್ಬರ ಕಾಂಟ್ರಾಕ್ಟ್ ಬೆಲೆ ಒಂದು ಡಾಲರ್.

ಬಿಸಿನೆಸ್ ಲಾ ಪೇಪರ್ ನೆನಪಿದೆಯಾ? ಕನ್ಸಿಡರೇಷನ್ ಇಲ್ಲದೆ ಕಾಂಟ್ರಾಕ್ಟ್ ಇಲ್ಲ, ಆದರೆ ಕನ್ಸಿಡರೇಷನ್ ದೊಡ್ಡದೇ ಆಗಿರಬೇಕು ಅಂತ ಏನಿಲ್ಲ. ನಾವು ಐದು ಮಾರ್ಕ್ಸ್‌ಗೆ ಬಾಯಿಪಾಠ ಮಾಡೋ ಆ ಸಾಲಿನ ಮೇಲೆ ಒಂಬತ್ತು ಹೆಣ್ಮಕ್ಕಳು ತಮ್ಮ ಕೆರಿಯರ್ ಇಟ್ಟಿದ್ರು.

4/8

ವಾದ ನಂಬರ್ ಎರಡಕ್ಕೆ ಉತ್ತರ ಈಗ. "ಮಾರ್ಕೆಟ್ ಡಿಸೈಡ್ ಮಾಡುತ್ತೆ."

ಹ್ಯೂಸ್ಟನ್ ಟೂರ್ನಿಯ ಒಟ್ಟು ಹಣ 7,500 ಡಾಲರ್. ಗೆದ್ದ ರೋಸಿ ಕಸಾಲ್ಸ್‌ಗೆ 1,600. ಅಂದ್ರೆ ಗಡಿಬಿಡಿಯಲ್ಲಿ ಹುಟ್ಟುಹಾಕಿದ ಪುಟ್ಟ ಟೂರ್ನಿಯೊಂದು ಅಷ್ಟು ದೊಡ್ಡ ಪೆಸಿಫಿಕ್ ಸೌತ್‌ವೆಸ್ಟ್‌ಗಿಂತ ಜಾಸ್ತಿ ಕೊಟ್ಟಿತು. ಮಾರುಕಟ್ಟೆಯಲ್ಲಿ ದುಡ್ಡು ಇರಲಿಲ್ಲ ಅನ್ನೋದು ಸುಳ್ಳಾಯ್ತಲ್ಲ? ದುಡ್ಡು ಇತ್ತು. ಅದು ಹೆಣ್ಮಕ್ಕಳ ಕಡೆ ಹರಿಯದ ಹಾಗೆ ಬಾಗಿಲು ಹಿಡ್ಕೊಂಡು ಕೆಲವರು ನಿಂತಿದ್ರು.

1971ರಲ್ಲಿ ಹೆಣ್ಮಕ್ಕಳ ಸ್ವಂತ ಸರ್ಕಿಟ್ ಪೂರ್ತಿ ಓಡಿತು. ಆ ಒಂದೇ ವರ್ಷದಲ್ಲಿ ಬಿಲ್ಲಿ ಜೀನ್ 1 ಲಕ್ಷ ಡಾಲರ್ ದಾಟಿದ್ರು. ಒಂದು ಸೀಸನ್‌ನಲ್ಲಿ ಅಷ್ಟು ಗಳಿಸಿದ ಮೊದಲ ಮಹಿಳಾ ಕ್ರೀಡಾಪಟು. ಎರಡು ವರ್ಷದ ಹಿಂದೆ "ನಿಮ್ಮನ್ನ ನೋಡೋಕೆ ಯಾರು ಬರ್ತಾರೆ" ಅನ್ನಿಸಿಕೊಂಡವರು ಇವರೇ. ಎರಡೇ ವರ್ಷದಲ್ಲಿ ಜನರ ರುಚಿ ಬದಲಾಯ್ತಾ? ಇಲ್ಲ. ಬದಲಾಗಿದ್ದು ಟಿಕೆಟ್ ಮಾರೋರು ಯಾರು ಅನ್ನೋದು.

ಒಂದು ಸಂಸ್ಥೆ ಟೂರ್ನಿ ನಡೆಸುತ್ತೆ, ಅದೇ ಬಹುಮಾನ ನಿಗದಿ ಮಾಡುತ್ತೆ, ಬೇರೆ ಕಡೆ ಆಡಿದ್ರೆ ಸಸ್ಪೆಂಡ್ ಅನ್ನುತ್ತೆ. ಇದಕ್ಕೆ ಎಕನಾಮಿಕ್ಸ್‌ನಲ್ಲಿ ಏನಂತಾರೆ? ಏಕಸ್ವಾಮ್ಯ. ಮೊನೊಪಲಿ ನಿಗದಿ ಮಾಡಿದ ರೇಟನ್ನ "ಮಾರ್ಕೆಟ್ ರೇಟ್" ಅಂತ ಎಕ್ಸಾಮ್‌ನಲ್ಲಿ ಬರೆದ್ರೆ ಸೊನ್ನೆ ಕೊಡ್ತಾರೆ. ಕಾಮೆಂಟ್‌ನಲ್ಲಿ ಬರೆದ್ರೆ ಲೈಕ್ ಕೊಡ್ತಾರೆ.

ದೂರದ ಅಮೆರಿಕ ಬೇಡ ಅಂತೀರಾ? ಸರಿ. ನಮ್ಮ ತಾಲ್ಲೂಕಿನ ಒಂದು ಊರಲ್ಲಿ ಹೋದ ವರ್ಷ ಗಣೇಶನ ಹಬ್ಬಕ್ಕೆ ಕಬಡ್ಡಿ ಇಟ್ಟಿದ್ರು. ಪ್ರವೇಶ ಶುಲ್ಕ ಎರಡೂ ಕಡೆ 500 ರೂಪಾಯಿ. ಪ್ರಥಮ ಬಹುಮಾನ ಹುಡುಗರಿಗೆ 15,000, ಹುಡುಗಿಯರಿಗೆ 5,000. ಹುಡುಗರದ್ದು "ಹೊನಲು ಬೆಳಕಿನ ಕಬಡ್ಡಿ", ರಾತ್ರಿ ಎಂಟಕ್ಕೆ, ಮೈಕು, ಮಂಡಕ್ಕಿ, ಊರಿಗೂರೇ ಹಾಜರ್. ನಮ್ಮದು ಮಧ್ಯಾಹ್ನ ಎರಡು ಗಂಟೆಗೆ, ಸುಡು ಬಿಸಿಲಲ್ಲಿ. ಆಮೇಲೆ ಕಮಿಟಿಯವರು ಹೇಳ್ತಾರೆ, "ನೋಡಮ್ಮ, ನಿಮ್ಮ ಮ್ಯಾಚಿಗೆ ಜನಾನೇ ಇರಲ್ಲ."

ಜನ ಇರೋ ಹೊತ್ತು ಅವರಿಗೆ, ಜನ ಇಲ್ಲದ ಹೊತ್ತು ನಮಗೆ. ಆಮೇಲೆ ಜನ ಇಲ್ಲ ಅಂತ ದುಡ್ಡು ಕಡಿಮೆ. ಪ್ರವೇಶ ಶುಲ್ಕದಲ್ಲಿ ಮಾತ್ರ ಸಂಪೂರ್ಣ ಸಮಾನತೆ!

5/8

ಒಂದು ಕಹಿ ವಿಷಯ ಮುಚ್ಚಿಡಲ್ಲ, ಯಾಕಂದ್ರೆ ನೀವೇ ಹುಡುಕಿ ತಂದು ಕಾಮೆಂಟ್ ಹಾಕ್ತೀರ.

ಆ ಸರ್ಕಿಟ್‌ಗೆ ಹಣ ಹಾಕಿದ್ದು ಸಿಗರೇಟ್ ಕಂಪನಿ. ಫಿಲಿಪ್ ಮಾರಿಸ್‌ನ ವರ್ಜೀನಿಯಾ ಸ್ಲಿಮ್ಸ್, ಹೆಂಗಸರಿಗೆ ಅಂತಲೇ ತಯಾರಿಸಿದ ಸಿಗರೇಟು. ಆಟಗಾರ್ತಿಯರ ಹೆಸರಲ್ಲಿ ಅವರ ಬ್ರ್ಯಾಂಡ್ ಮೆರೆಯಿತು. ಇದನ್ನ ನಾನು ಚಂದ ಮಾಡಿ ಹೇಳೋಕೆ ಹೋಗಲ್ಲ. ಚಂದ ಇಲ್ಲ.

ಆದರೆ ಒಂದು ಕೇಳ್ತೀನಿ. ಟೆನಿಸ್ ಸಂಸ್ಥೆ ಬಾಗಿಲು ಹಾಕಿದಾಗ, ಬೇರೆ ಕಂಪನಿಗಳು ಮುಖ ತಿರುಗಿಸಿದಾಗ, ಬಂದವರ ಹತ್ರ ದುಡ್ಡು ತಗೊಂಡಿದ್ದಕ್ಕೆ ಬರೀ ಹೆಣ್ಮಕ್ಕಳನ್ನೇ ಯಾಕೆ ಕೇಳ್ತೀರ? ಗಂಡಸರ ಆಟಗಳ ಜೆರ್ಸಿ ಮೇಲೆ, ಕಾರ್ ರೇಸ್ ಮೇಲೆ, ನಮ್ಮದೇ ಕ್ರಿಕೆಟ್ ಮೇಲೆ ಎಷ್ಟು ವರ್ಷ ತಂಬಾಕಿನ ಹೆಸರು ಹಾರಾಡಿದೆ? ಆಗ ಯಾರೂ "ಈ ದುಡ್ಡು ಬೇಡ, ಬಹುಮಾನ ಕಡಿಮೆ ಮಾಡಿ" ಅನ್ನಲಿಲ್ಲ. ಶುದ್ಧ ಬಂಡವಾಳದ ಸರ್ಟಿಫಿಕೇಟ್ ಕೇಳೋದು ಬಡವರ ಅಂಗಡಿಯಲ್ಲೇ.

1972ರಲ್ಲಿ ಯುಎಸ್ ಓಪನ್ ಗೆದ್ದಾಗ ಬಿಲ್ಲಿ ಜೀನ್‌ಗೆ 10,000 ಡಾಲರ್, ನಸ್ತಾಸೆಗೆ 25,000. ಮುಂದಿನ ವರ್ಷ ಸಮಾನ ಮಾಡದಿದ್ರೆ ನಾವು ಬರಲ್ಲ ಅಂದ್ರು. ಅಲ್ಲಿಗೆ ನಿಲ್ಲಿಸದೆ ಸ್ಪಾನ್ಸರ್ ಹುಡುಕಿದ್ರು. ಬೆವರಿನ ವಾಸನೆ ತಡೆಯೋ ಡಿಯೋಡರೆಂಟ್ ಬ್ರ್ಯಾಂಡ್ ಒಂದು ವ್ಯತ್ಯಾಸದ ಹಣ ತುಂಬಿಕೊಡ್ತು. 1973ರ ಯುಎಸ್ ಓಪನ್ ಸಮಾನ ಬಹುಮಾನ ಕೊಟ್ಟ ಮೊದಲ ಗ್ರ್ಯಾಂಡ್ ಸ್ಲಾಮ್ ಆಯ್ತು.

ಆ ಮೊದಲ ಸಮಾನ ಚೆಕ್, 25,000 ಡಾಲರ್, ಯಾರ ಕೈಗೆ ಹೋಯ್ತು ಗೊತ್ತಾ? ಮಾರ್ಗರೆಟ್ ಕೋರ್ಟ್‌ಗೆ. ಹ್ಯೂಸ್ಟನ್‌ನಲ್ಲಿ ಸಹಿ ಹಾಕಿದ ಒಂಬತ್ತು ಜನರಲ್ಲಿ ಅವರಿಲ್ಲ. ಬಿಲ್ಲಿ ಜೀನ್ ಆ ವರ್ಷ ಮಧ್ಯದಲ್ಲೇ ಆಟ ಬಿಟ್ಟು ಹೊರಬಿದ್ದಿದ್ರು. ಜಗಳ ಆಡಿದವರು ಒಬ್ಬರು, ಫಲ ಉಂಡವರು ಇನ್ನೊಬ್ಬರು. ಹಕ್ಕು ಅಂದ್ರೆ ಹೀಗೇ ಇರಬೇಕು. ಕೇಳಿದವರಿಗೆ ಮಾತ್ರ ಸಿಕ್ಕಿದ್ರೆ ಅದನ್ನ ಹಕ್ಕು ಅನ್ನಲ್ಲ, ಸೆಟ್ಲ್‌ಮೆಂಟ್ ಅಂತಾರೆ.

6/8

ವಾದ ನಂಬರ್ ಮೂರು. "ಮುದುಕನ್ನ ಸೋಲಿಸಿದ್ದು."

ಹೌದು, ಬಾಬಿ ರಿಗ್ಸ್‌ಗೆ 55 ವರ್ಷ, ಬಿಲ್ಲಿ ಜೀನ್‌ಗೆ 29. ಆದರೆ ಈ ಮ್ಯಾಚ್ ಬೇಕು ಅಂದಿದ್ದು ಯಾರು? ರಿಗ್ಸ್. 1939ರ ವಿಂಬಲ್ಡನ್ ಚಾಂಪಿಯನ್. "ಹೆಣ್ಮಕ್ಕಳ ಟೆನಿಸ್ ಎಷ್ಟು ಸಪ್ಪೆ ಅಂದ್ರೆ ಈ ವಯಸ್ಸಿನಲ್ಲೂ ನಾನು ಟಾಪ್ ಆಟಗಾರ್ತಿಯನ್ನ ಸೋಲಿಸ್ತೀನಿ" ಅನ್ನೋದು ಆತನ ಸವಾಲು. ಬಿಲ್ಲಿ ಜೀನ್ ಮೊದಲು ಒಪ್ಪಲೇ ಇಲ್ಲ. 1973ರ ಮೇ 13ರಂದು ರಿಗ್ಸ್ ಮಾರ್ಗರೆಟ್ ಕೋರ್ಟ್‌ರನ್ನ 6-2, 6-1ರಲ್ಲಿ ಸೋಲಿಸಿದ. ಅವತ್ತು ಯಾರಾದ್ರೂ "ಪಾಪ ಮುದುಕ, ಲೆಕ್ಕಕ್ಕಿಲ್ಲ" ಅಂದ್ರಾ? ಇಲ್ಲ. ಹೆಣ್ಮಕ್ಕಳ ಟೆನಿಸ್ ಮುಗೀತು ಅಂತ ನಕ್ಕರು. ಮುದುಕ ಗೆದ್ದಾಗ ಅದು ವಿಜ್ಞಾನ, ಸೋತಾಗ ಅವನು ಮುದುಕ. ಎಂಥಾ ಅನುಕೂಲದ ಲೆಕ್ಕ!

ಸೆಪ್ಟೆಂಬರ್ 20, 1973. ಹ್ಯೂಸ್ಟನ್ ಆಸ್ಟ್ರೋಡೋಮ್. 30,472 ಪ್ರೇಕ್ಷಕರು. 6-4, 6-3, 6-3. ಗೆದ್ದವರಿಗೆ 1 ಲಕ್ಷ ಡಾಲರ್. ಅಂದಾಜು 9 ಕೋಟಿ ಜನ ಜಗತ್ತಿನಾದ್ಯಂತ ಟಿವಿಯಲ್ಲಿ ನೋಡಿದ್ರು ಅಂತಾರೆ. ನಿಮ್ಮದೇ ಭಾಷೆಯಲ್ಲಿ ಹೇಳೋದಾದ್ರೆ, ಮಾರ್ಕೆಟ್ ಡಿಸೈಡ್ ಮಾಡಿತು.

ಆದರೆ ನನ್ನ ತಕರಾರು ರೀಲ್ಸ್ ಮಾಡೋರ ಮೇಲೂ ಇದೆ. ಆ ವರ್ಷದ ದೊಡ್ಡ ಘಟನೆ ಆಸ್ಟ್ರೋಡೋಮ್ ಅಲ್ಲ. ಅದಕ್ಕೆ ಮೂರು ತಿಂಗಳ ಹಿಂದೆ, ಜೂನ್‌ನಲ್ಲಿ, ವಿಂಬಲ್ಡನ್ ಶುರುವಾಗೋ ಮುಂಚೆ ಲಂಡನ್‌ನ ಗ್ಲೌಸ್ಟರ್ ಹೋಟೆಲ್‌ನಲ್ಲಿ ಬಿಲ್ಲಿ ಜೀನ್ ಆಟಗಾರ್ತಿಯರ ಮೀಟಿಂಗ್ ಕರೆದ್ರು. ಅರವತ್ತಕ್ಕೂ ಹೆಚ್ಚು ಜನ. ಡಚ್ ಆಟಗಾರ್ತಿ ಬೆಟ್ಟಿ ಸ್ಟೋವೆಗೆ ಬಾಗಿಲು ಹಾಕೋಕೆ ಹೇಳಿದ್ರು. ಒಮ್ಮತ ಆಗೋವರೆಗೂ ಯಾರೂ ಆಚೆ ಹೋಗೋ ಹಾಗಿಲ್ಲ. ಬಾಗಿಲು ತೆಗೆದಾಗ ಮಹಿಳಾ ಟೆನಿಸ್ ಅಸೋಸಿಯೇಷನ್, ಅಂದ್ರೆ ಡಬ್ಲ್ಯೂಟಿಎ, ಹುಟ್ಟಿತ್ತು. 2015ರಲ್ಲಿ ನಮ್ಮ ಸಾನಿಯಾ ಮಿರ್ಜಾ ಡಬಲ್ಸ್‌ನಲ್ಲಿ ವಿಶ್ವ ನಂಬರ್ ಒನ್ ಆದ್ರಲ್ಲ, ಆ ರ‍್ಯಾಂಕಿಂಗ್ ಪಟ್ಟಿ ಇದೇ ಸಂಸ್ಥೆಯದ್ದು.

ಮೀಟಿಂಗ್‌ನ ವಿಡಿಯೋ ಇಲ್ಲ, ಅದಕ್ಕೆ ರೀಲ್ ಇಲ್ಲ. ಒಬ್ಬ ಹೆಣ್ಣು ಒಬ್ಬ ಗಂಡನ್ನ ಸೋಲಿಸಿದ್ದು ಎಲ್ಲರಿಗೂ ಬೇಕು. ಅರವತ್ತು ಹೆಣ್ಮಕ್ಕಳು ಸೇರಿ ಯೂನಿಯನ್ ಕಟ್ಟಿದ್ದು ಯಾರಿಗೂ ಬೇಡ.

7/8

ಕೊನೆಗೆ ಆ ಫೇಮಸ್ ವಾದ. ಮೂರು ಸೆಟ್, ಐದು ಸೆಟ್.

ಮೊದಲನೇದು, ಗಂಡಸರು ಸಿಂಗಲ್ಸ್‌ನಲ್ಲಿ ಐದು ಸೆಟ್ ಆಡೋದು ವರ್ಷಕ್ಕೆ ನಾಲ್ಕು ಗ್ರ್ಯಾಂಡ್ ಸ್ಲಾಮ್‌ಗಳಲ್ಲಿ. ಉಳಿದ ಟೂರ್‌ನಲ್ಲಿ ಅವರದೂ ಮೂರೇ ಸೆಟ್. ಹಾಗಾದ್ರೆ ಆ ಟೂರ್ನಿಗಳಲ್ಲಿ ಹೆಣ್ಮಕ್ಕಳಿಗೆ ಎಲ್ಲಾ ಕಡೆ ಸಮಾನ ಕೊಟ್ಟಿದ್ದಾರಾ? ಇಲ್ಲ. ರೋಮ್‌ನಂಥ ದೊಡ್ಡ ಟೂರ್ನಿಯಲ್ಲಿ, ಇಬ್ಬರೂ ಒಂದೇ ಊರಲ್ಲಿ ಮೂರೇ ಸೆಟ್ ಆಡಿದ್ರೂ, ವರ್ಷಗಟ್ಟಲೆ ಹೆಣ್ಮಕ್ಕಳಿಗೆ ಕಡಿಮೆ ಕೊಟ್ಟರು. ಅಂದ್ರೆ ಸೆಟ್ ಅನ್ನೋದು ಕಾರಣ ಅಲ್ಲ, ನೆಪ.

ಎರಡನೇದು, ಹೆಣ್ಮಕ್ಕಳಿಗೆ ಐದು ಸೆಟ್ ಆಡೋಕೆ ಆಗಲ್ಲ ಅನ್ನೋದು. ರಿಗ್ಸ್ ವಿರುದ್ಧದ ಮ್ಯಾಚ್ ಇದ್ದಿದ್ದೇ ಐದು ಸೆಟ್‌ಗೆ. ಮೂರೇ ಸೆಟ್‌ನಲ್ಲಿ ಮುಗಿಸಿದ್ದು ಬಿಲ್ಲಿ ಜೀನ್ ತಪ್ಪಲ್ಲ. ಹೆಣ್ಮಕ್ಕಳ ವರ್ಷಾಂತ್ಯದ ಚಾಂಪಿಯನ್‌ಶಿಪ್ ಫೈನಲ್ 1984ರಿಂದ 1998ರವರೆಗೆ ಐದು ಸೆಟ್‌ಗೇ ನಡೀತು. ಎಷ್ಟು ಸೆಟ್ ಅನ್ನೋದನ್ನ ನಿಗದಿ ಮಾಡೋದು ಆಯೋಜಕರು. ನಿಯಮ ಅವರದ್ದು, ದಂಡ ಮಾತ್ರ ಆಟಗಾರ್ತಿಯರಿಗೆ.

ಮೂರನೇದು, ಗಂಟೆ ಲೆಕ್ಕದಲ್ಲೇ ಕೂಲಿ ಕೊಡೋದಾದ್ರೆ ಎಲ್ಲರಿಗೂ ಹಾಗೇ ಕೊಡಿ. ಎದುರಾಳಿಯನ್ನ ಒಂದೂವರೆ ಗಂಟೆಯಲ್ಲಿ ಮನೆಗೆ ಕಳಿಸಿದವನಿಗೆ ಕಡಿಮೆ, ಐದು ಗಂಟೆ ಒದ್ದಾಡಿ ಗೆದ್ದವನಿಗೆ ಜಾಸ್ತಿ. ಒಪ್ತೀರಾ? ನಮ್ಮ ಎಕ್ಸಾಮ್‌ನಲ್ಲಿ ಅಡಿಷನಲ್ ಶೀಟ್ ಎಣಿಸಿ ಮಾರ್ಕ್ಸ್ ಕೊಟ್ರೆ ಸುಮ್ನಿರ್ತೀರಾ? 100 ಮೀಟರ್ ಓಡೋನಿಗೆ ಮ್ಯಾರಥಾನ್ ಓಡೋನ ಲೆಕ್ಕದಲ್ಲಿ ಸೆಕೆಂಡಿಗಿಷ್ಟು ಅಂತ ಕೊಡಿ ನೋಡೋಣ.

ವಿಂಬಲ್ಡನ್‌ಗೆ ಇದು ಅರ್ಥ ಆಗೋಕೆ 2007 ಬೇಕಾಯ್ತು. ಯುಎಸ್ ಓಪನ್ ಸಮಾನ ಮಾಡಿ 34 ವರ್ಷ ಆದ ಮೇಲೆ. ವೀನಸ್ ವಿಲಿಯಮ್ಸ್ ಪತ್ರಿಕೆಯಲ್ಲಿ ಬರೆದು, ಅಧಿಕಾರಿಗಳ ಮುಂದೆ ಕೂತು ವಾದ ಮಾಡಿದ್ರು. ಆ ವರ್ಷ ಗೆದ್ದು ಸಮಾನ ಚೆಕ್ ತಗೊಂಡವರೂ ವೀನಸ್ಸೇ. ಆ ಸಲ ಬೇಡಿದವರ ಕೈಗೇ ಬಂತು.

8/8

ಇದಕ್ಕೆಲ್ಲ ಬಿಲ್ಲಿ ಜೀನ್ ಕಟ್ಟಿದ ಬೆಲೆ ಹೇಳದೆ ಮುಗಿಸೋಕಾಗಲ್ಲ.

39 ಗ್ರ್ಯಾಂಡ್ ಸ್ಲಾಮ್: ಸಿಂಗಲ್ಸ್ 12, ಡಬಲ್ಸ್ 16, ಮಿಕ್ಸೆಡ್ ಡಬಲ್ಸ್ 11. ವಿಂಬಲ್ಡನ್ ಒಂದರಲ್ಲೇ 20. ಇಂಥವರ ಖಾಸಗಿ ಬದುಕು 1981ರಲ್ಲಿ ಒಂದು ಕೋರ್ಟ್ ಕೇಸಿನಿಂದ ಬೀದಿಗೆ ಬಂತು. ಇನ್ನೊಬ್ಬ ಹೆಣ್ಣಿನ ಜೊತೆ ಸಂಬಂಧ ಇತ್ತು ಅಂತ. ಸುತ್ತ ಇದ್ದವರು ಅಲ್ಲಗಳೆದುಬಿಡಿ ಅಂದ್ರು. ಅವರು ಪ್ರೆಸ್‌ಮೀಟ್ ಕರೆದು, ಹೌದು, ಇತ್ತು ಅಂದ್ರು. 24 ಗಂಟೆಯೊಳಗೆ ಜಾಹೀರಾತು ಕಾಂಟ್ರಾಕ್ಟ್‌ಗಳೆಲ್ಲ ಹೋದವು. ನಿವೃತ್ತಿ ಆಗೋ ವಯಸ್ಸಲ್ಲಿ ವಕೀಲರ ಫೀಸ್ ಕಟ್ಟೋಕೆ ಮತ್ತೆ ಕೋರ್ಟಿಗಿಳಿದ್ರು. 1983ರಲ್ಲಿ, 39ನೇ ವಯಸ್ಸಲ್ಲಿ, ವಿಂಬಲ್ಡನ್ ಸಿಂಗಲ್ಸ್ ಸೆಮಿಫೈನಲ್ ಆಡಿದ್ರು. ಆ ಸೆಮಿಫೈನಲ್ ನೋಡಿ ಚಪ್ಪಾಳೆ ತಟ್ಟಿದವರಿಗೆ ಅದರ ಹಿಂದಿನ ಬಿಲ್ ಕಾಣಲಿಲ್ಲ.

ಯುಎಸ್ ಓಪನ್ ನಡೆಯೋ ಇಡೀ ಟೆನಿಸ್ ಕೇಂದ್ರಕ್ಕೆ 2006ರಿಂದ ಅವರದೇ ಹೆಸರು. ಹೆಣ್ಮಕ್ಕಳ ವಿಶ್ವ ತಂಡಗಳ ಟೂರ್ನಿ ಫೆಡ್ ಕಪ್ 2020ರಲ್ಲಿ ಬಿಲ್ಲಿ ಜೀನ್ ಕಿಂಗ್ ಕಪ್ ಆಯ್ತು. 2025ರ ನವೆಂಬರ್‌ನಲ್ಲಿ ಅದರ ಪ್ಲೇ ಆಫ್ ಪಂದ್ಯಗಳು ನಮ್ಮ ಬೆಂಗಳೂರಲ್ಲೇ, ಕಬ್ಬನ್ ಪಾರ್ಕ್‌ನ ಎಸ್.ಎಂ. ಕೃಷ್ಣ ಸ್ಟೇಡಿಯಂನಲ್ಲಿ ನಡೆದವು. ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು? "ನೋಡೋರಿಲ್ಲ" ಅನ್ನೋ ನಾವು ನೋಡೋಕೆ ಹೋದ್ವಾ?

ನಮ್ಮಂಥ ಸ್ಟೂಡೆಂಟ್ಸ್‌ಗೆ ಇನ್ನೊಂದು. 1964ರಲ್ಲಿ ಅರ್ಧಕ್ಕೆ ಬಿಟ್ಟ ಡಿಗ್ರಿ ಮುಗಿಸೋಕೆ ಅವರು 2025ರಲ್ಲಿ, 81ನೇ ವಯಸ್ಸಲ್ಲಿ, ಅದೇ ಕಾಲೇಜಿಗೆ ವಾಪಸ್ ಹೋದ್ರು. ಸಬ್ಜೆಕ್ಟ್ ಇತಿಹಾಸ. ಇತಿಹಾಸದ ಪುಸ್ತಕದಲ್ಲಿ ತಮ್ಮದೇ ಹೆಸರು ಬಂದಾಗ ಪೇಜ್ ನಂಬರ್ ಗುರುತು ಹಾಕ್ಕೋತಾರೋ ಏನೋ.

ಈಗ ಕೆಲಸದ ಮಾತು. ಮುಂದಿನ ಸಲ ನಿಮ್ಮೂರಲ್ಲಿ, ನಿಮ್ಮ ಕಾಲೇಜಲ್ಲಿ ಟೂರ್ನಿ ಪೋಸ್ಟರ್ ಬಂದಾಗ ಮೂರು ಪ್ರಶ್ನೆ ಕೇಳಿ. ಪ್ರವೇಶ ಶುಲ್ಕ ಎಷ್ಟು? ಮ್ಯಾಚ್ ಎಷ್ಟೊತ್ತಿಗೆ? ಬಹುಮಾನ ನಿಗದಿ ಮಾಡಿದ ಕಮಿಟಿಯಲ್ಲಿ ಹೆಣ್ಮಕ್ಕಳು ಎಷ್ಟು ಜನ? ಹುಡುಗರೇ, ನೀವೂ ಕೇಳಿ. ನಾವು ಕೇಳಿದ್ರೆ "ಜಗಳಗಂಟಿ" ಅಂತಾರೆ, ನೀವು ಕೇಳಿದ್ರೆ "ಪಾಯಿಂಟ್ ಇದೆ" ಅಂತಾರೆ. ಆ ಸವಲತ್ತು ನಿಮ್ಮ ಹತ್ರ ಇದೆ, ಖರ್ಚು ಮಾಡಿ.

ಹುಡುಗೀರೇ, ಒಬ್ಬರೇ ಹೋಗಬೇಡಿ. ಒಂಬತ್ತು ಜನ ಸೇರಿ ಹೋಗಿ.

ಪೋಸ್ಟರ್ ಸಿಕ್ಕಿದ್ರೆ ಫೋಟೋ ತೆಗೆದು ಟ್ಯಾಗ್ ಮಾಡಿ, ಎರಡೂ ಬಹುಮಾನ ಕಾಣೋ ಹಾಗೆ. ಹೆಸರು ಹಾಕಲ್ಲ, ಲೆಕ್ಕ ಮಾತ್ರ ಹಾಕ್ತೀನಿ.

#ಒಂದುಡಾಲರ್ #ಬಿಲ್ಲಿಜೀನ್‌ಕಿಂಗ್ #ಸಮಾನಬಹುಮಾನ #ಹೊನಲುಬೆಳಕುನಮಗೂಬೇಕು